ಲಾರಿಯ ನೆರಳು

“ಶಾಂತಲಮ್ಮಾ, ಇವತ್ತೊಂದಿನ ಆ ಗೆರೆಪಟ್ಟಿ ಅಂಟ್ಸೋದು ಮರ್ತುಬುಡಿ,” ಎಂದನು ಲಾರಿಯ ಚಾಲಕ ಕದರಯ್ಯ.

ಅಂತರಸನಹಳ್ಳಿಯ ಪಂಪು ಕಾರ್ಖಾನೆಯಲ್ಲಿ ಸರಕು ರವಾನಿಸುವ ಕಿಟಕಿಯ ಒಳಗೆ ಕುಳಿತಿದ್ದ ಶಾಂತಲಾ ತಲೆಯೆತ್ತಿದಳು. ಆಂಧ್ರದ ಗಡಿಯ ಸುಂಕದಕಟ್ಟೆಗೆ ಆಗತಾನೆ ಯಂತ್ರ ಬಂದಿತ್ತು. ಇಲ್ಲಿಯೇ ಕಾಗದಕ್ಕೆ ಬಾರ್‌ಕೋಡಿನ ಪಟ್ಟಿ ಅಂಟಿಸಿ ಕಳುಹಿಸಿದರೆ ಅಲ್ಲಿ ಕೆಂಪು ಬೆಳಕೊಂದು ಅದನ್ನು ಓದಿ, ಎವೆಯಿಕ್ಕುವಷ್ಟರಲ್ಲಿ ಗೇಟು ಮೇಲೇಳುತ್ತಿತ್ತು. ಪಟ್ಟಿಯಿಲ್ಲದ ಲಾರಿ ಹಳೆಯ ಸಾಲಿನಲ್ಲಿ ಬಿಸಿಲು ಬಾಡುವವರೆಗೂ ಕಾಯಬೇಕು.

“ಎಲ್ರೂ ಬೇಗ ಬಿಡಿ ಅಂತ ಬಡ್ಕೊಂಡ್ರೆ ನೀವು ಕಾಯ್ತೀನಿ ಅಂತೀರಲ್ಲ ಕದರಯ್ಯನೋರೆ. ಒಳಗೆ ಬೇರೆ ಏನಾದ್ರೂ ತುಂಬಿದೀರಾ?”

“ಬೇಕಾದ್ರೆ ಟಾರ್ಪಾಲು ಬಿಚ್ಚಿ ನೋಡ್ಕಳಿ. ಆ ಸುಂಕದಕಟ್ಟೆ ತಾವ ನನ್ನ ಮಗಳವ್ಳೆ.”

ಬಳಿಕ ಅವನು ಸಂಕೋಚದಿಂದ ಎಲ್ಲವನ್ನೂ ಹೇಳಿದನು. ಸುಂಕದಕಟ್ಟೆಗೆ ಅಂಟಿಕೊಂಡ ಊರಿಗೇ ಮಗಳು ಸಿದ್ದಲಕ್ಷ್ಮಿಯನ್ನು ಕೊಟ್ಟಿದ್ದನು. ಧಾರೆಯ ದಿನ, ಹಾಗಲವಾಡಿಯಿಂದ ಹೋಗಿದ್ದ ಅವನ ಅಣ್ಣನನ್ನು ಬೀಗರು ಊಟದ ಪಂಕ್ತಿಯಿಂದ ಎಬ್ಬಿಸಿದರು. ಮಗಳನ್ನು ನೋಡಲೆಂದು ಈ ಊರಿಗೆ ಕಾಲಿಡುವುದಿಲ್ಲ, ಗಾಡಿ ನಿಲ್ಲಿಸುವುದಿಲ್ಲ ಎಂದು ಕದರಯ್ಯ ನರಸಿಂಹಸ್ವಾಮಿಯ ಎದುರು ಕರ್ಪೂರ ಆರಿಸಿ ಆಣೆಯಿಟ್ಟನು. ಬೀಗರೂ ಸೊಸೆಯನ್ನು ತವರಿಗೆ ಕಳುಹಿಸಲಿಲ್ಲ. ಆದರೆ ಸರಕಾರವೇ ಲಾರಿಯನ್ನು ತಡೆದು ನಿಲ್ಲಿಸಿದರೆ ಅದು ಆಣೆಗೆ ಹೊರತು. ದಾರಿಯಲ್ಲಿ ಸಿಕ್ಕಿಬಿದ್ದ ಹಸಿದವನಿಗೆ ಅನ್ನವಿಡುವುದು ಬೀಗರ ಮನೆಯ ಕಟ್ಟಳೆಗೂ ಹೊರತು. ಹೀಗೆ ವರ್ಷಗಳಿಂದ, ಅವನ ಲಾರಿ ಬರುವ ಗೊತ್ತಾದ ದಿನ, ಆ ಸಾಲಿನಲ್ಲಿ, ನಿಂತ ಲಾರಿಯ ನೆರಳಿನಲ್ಲಿ, ಮಗಳು ಎಲೆ ಹಾಸಿ ಬಡಿಸುತ್ತಿದ್ದಳು, ತಂದೆ ಉಣ್ಣುತ್ತಿದ್ದನು. ಹೊಸ್ತಿಲಿಲ್ಲದ ಆ ನೆರಳೇ ಅವಳಿಗೆ ತವರು.

“ಹೋದ್ಸಲ ಮಿಷನ್ನು ಕುಂಯ್ ಅಂತು, ಗೇಟು ಎದ್ದೇಬುಡ್ತು. ಹಿಂದ್ಲೋರೆಲ್ಲ ಹಾರನ್ ಹೊಡೆಯೋಕೆ ಹತ್ಕಂಡ್ರು. ಅವಳಿನ್ನೂ ಮನೆ ಬುಟ್ಟಿದ್ಲೋ ಇಲ್ವೋ.”

“ಗೇಟು ದಾಟಿ ಪಕ್ಕಕ್ಕೆ ಹಾಕ್ಕೊಳ್ಳೋಕೇನು?”

“ಅದು ನಾನಾಗಿ ನಿಲ್ಸಿದಂಗಲ್ವಾ ತಾಯಿ. ಸಿಕ್ಕಾಕ್ಕಂಡ್ರೆ ನಾನು ದಾರಿಹೋಕ. ನಿಲ್ಸಿದ್ರೆ ಬೀಗ.”

“ಹಂಗಾದ್ರೆ ದಾರೀಲಿ ಪಟ್ಟಿ ಕಿತ್ತು ಬಿಸಾಕಿ. ಯಾರು ನೋಡ್ತಾರೆ?”

“ನಾ ಕಿತ್ರೆ ಆಣೆ ತಪ್ಪಿದಂಗೆ. ನೀವು ಮರೆತ್ರೆ ನನ್ ಮೇಲೂ ಇಲ್ಲ, ನಿಮ್ ಮೇಲೂ ಇಲ್ಲ.”

ಶಾಂತಲಾ ನಕ್ಕಳು. ಅಂಟಿಸಲೆಂದು ಬಿಡಿಸಿಟ್ಟಿದ್ದ ಪಟ್ಟಿಯನ್ನು ಮೇಜಿನ ಅಂಚಿಗೆ ಸರಿಸಿ, ಬರಿಯ ಕಾಗದವನ್ನೇ ಅವನತ್ತ ನೀಡಿದಳು.

“ತಗೊಳ್ಳಿ, ಮರೆತೆ. ಆದ್ರೂ ಕದರಯ್ಯನೋರೆ, ನೀವು ಕೇಳಿದ್ಮೇಲೆ ಇದು ಮರೆವು ಹೇಗಾಗುತ್ತೆ? ಬಾಯಿ ಮುಚ್ಕೊಂಡಿದ್ದಿದ್ರೆ ಒಂದಲ್ಲ ಒಂದಿನ ನಾನೇ ಮರೀತಿದ್ನೇನೋ.”

ಅವಳು ತಮಾಷೆಗೆ ಹೇಳಿದ್ದಳು. ಕದರಯ್ಯನಾದರೋ ಶಾಸ್ತ್ರಾರ್ಥದ ವಾದದಲ್ಲಿ ಕೊನೆಯ ಪ್ರಶ್ನೆಗೆ ಸೋತ ವಿದ್ವಾಂಸನಂತೆ, ಕಿಟಕಿಯ ಸರಳನ್ನು ಹಿಡಿದು ಕಾಗದವನ್ನು ಮೆಲ್ಲನೆ ಒಳಕ್ಕೆ ತಳ್ಳಿದನು.

“ಅಂಟ್ಸಿಬುಡಿ.”

“ಅಯ್ಯೋ, ಮಾತಿಗಂದೆ ಕಣ್ರೀ. ತಗೊಂಡು ಹೋಗಿ.”

“ಮಾತಿಗಂದ್ರೂ ನಿಜಾನೇ ಅಂದ್ರಿ. ನಾನೇ ಕೇಳಿ ಕೆಡಿಸ್ಕಂಡೆ. ಅಂಟ್ಸಿ ಶಾಂತಲಮ್ಮಾ.”

ಅಂದು ಮಧ್ಯಾಹ್ನ ವಾಲಿದ ಹೊತ್ತಿಗೆ ಸುಂಕದಕಟ್ಟೆಯ ಕೆಂಪು ಬೆಳಕು ಕದರಯ್ಯನ ಕಾಗದದ ಮೇಲೆ ಹಾಯಿತು. “ಆಯ್ತು, ನಡೀರಿ,” ಎಂದನು ಗುಮಾಸ್ತ, ಮುಖವನ್ನೂ ನೋಡದೆ. ಗೇಟು ಎದ್ದಿತು. ಬೆನ್ನ ಹಿಂದೆ ಹಾರನ್ನುಗಳು ಒಟ್ಟಿಗೆ ಕೂಗಿದವು.

ಹೋದ ಸಲ ತಪ್ಪಿಹೋದದ್ದಕ್ಕೋ ಏನೋ, ಸಿದ್ದಲಕ್ಷ್ಮಿ ಇಂದು ಮೊದಲೇ ಬಂದಿದ್ದಳು. ಗೇಟಿನ ಪಕ್ಕ, ಲಾರಿಗಳು ನಿಲ್ಲದೆ ಬರಿದಾಗಿದ್ದ ಹಳೆಯ ಸಾಲಿನ ಅಂಚಿನಲ್ಲಿ, ಎಂದಿನ ಜಾಗದಲ್ಲಿಯೇ, ಸುಡುಬಿಸಿಲಿಗೆ ಎಲೆ ಹಾಸಿ, ನೀರು ಚಿಮುಕಿಸಿ ನಿಂತಿದ್ದಳು. ಕದರಯ್ಯ ಕಿಟಕಿಯಿಂದ ಕೈ ಹೊರಗೆ ಚಾಚಿದನು. ಗೇರು ಬದಲಿಸಲು ಕೂಡಲೇ ಒಳಕ್ಕೆ ತೆಗೆದುಕೊಳ್ಳಬೇಕಾಯಿತು. ಲಾರಿಯ ನೆರಳು ಎಲೆಯ ಮೇಲೆ ಬಂದು, ಅವಳ ಪಾದಗಳನ್ನು ಹತ್ತಿ, ಇಳಿದು, ಮುಂದಕ್ಕೆ ಹೋಯಿತು.