ಉತ್ತಮ ತರಬೇತುದಾರ

ನಿವೃತ್ತ ಪೋಸ್ಟ್‌ಮಾಸ್ಟರ್ ಗುರುಬಸಪ್ಪನವರು ಪುಕ್ಕಟೆಯಾಗಿ ಇಂಗ್ಲಿಷ್ ಕಲಿಸೋಣವೆಂದು ಊರಿನ ಶಾಲೆಗೆ ಹೋದರೆ, ಮುಖ್ಯೋಪಾಧ್ಯಾಯಿನಿ ಅವರಿಗೆ ಮಕ್ಕಳ ರೋಬೋಟ್ ತಂಡವನ್ನು ಒಪ್ಪಿಸಿಬಿಟ್ಟರು. ತಮಗೆ ಬಾರದೆನ್ನಲು ಅವರಿಗೆ ನಾಚಿಕೆಯಾಯಿತು. ಮೂರು ತಿಂಗಳು, ಮಕ್ಕಳು ಏನೇ ಕೇಳಿದರೂ ಗಂಭೀರವಾಗಿ ತಲೆಯಾಡಿಸಿ, “ನೀವ ವಿಚಾರ ಮಾಡ್ರಿ” ಎನ್ನುತ್ತಿದ್ದರು. ಮಕ್ಕಳು ವಿಚಾರ ಮಾಡಿದರು, ಜಗಳಾಡಿದರು, ಬಿಚ್ಚಿದ್ದನ್ನು ಮತ್ತೆ ಜೋಡಿಸಿದರು.

ಜಿಲ್ಲಾ ಸ್ಪರ್ಧೆಯಲ್ಲಿ ಅವರ ರೋಬೋಟೇ ಗೆದ್ದಿತು. ಉತ್ತಮ ತರಬೇತುದಾರ ಎಂದು ತಮ್ಮ ಹೆಸರನ್ನೂ ಕೂಗಿದಾಗ ಗುರುಬಸಪ್ಪನವರಿಗೆ ತಡೆಯಲಾಗಲಿಲ್ಲ. ತಂಡದ ನಾಯಕಿ ಮುಬೀನಾಳನ್ನು ಪಕ್ಕಕ್ಕೆ ಕರೆದರು.

“ತಪ್ಪಾತವ್ವಾ. ನನಗ ರೋಬೋಟಿನ ಬಗ್ಗೆ ಏನೇನೂ ಗೊತ್ತಿಲ್ಲ.”

“ಮೊದಲನೇ ದಿನಾನ ಗೊತ್ತಾತ್ರಿ ಸರ್. ಅದಕ್ಕ, ನೀವ ಇರ್ಲಿ ಅಂತ ಹೆಡ್‌ಮೇಡಂಗೆ ಬೇಡ್ಕೊಂಡ್ವಿ,” ಎಂದಳು ಹುಡುಗಿ. “ಹೋದ ವರ್ಷದ ಸರ್‌ಗೆ ಎಲ್ಲಾ ಗೊತ್ತಿತ್ತು. ನಮಗ ರೋಬೋಟ್ ಮುಟ್ಟಾಕ ಬಿಡ್ಲೇ ಇಲ್ಲ.”