ಪೆಟ್ಟಿಗೆ ಬಿಗಿದ ಕೈ

ಗಂಡ ತನ್ನ ಕಾಲಿಗೆ ಕೈ ಹಾಕುತ್ತಾನೆಂದು ಗೊತ್ತಾದ ಕೂಡಲೇ ಯಂಕವ್ವ ಸೀರೆಯ ಅಂಚನ್ನು ಪಾದದ ತನಕ ಎಳೆದುಕೊಂಡಳು. ಮೊಣಕಾಲಿನ ಆಪರೇಷನ್ ಆಗಿ ಮೂರು ವಾರವಾಗಿತ್ತು. ಹೊಲಿಗೆ ಬಿಚ್ಚಿದ್ದರೂ ಬಾವು ಇಳಿದಿರಲಿಲ್ಲ. ಕಾಲು ಉಬ್ಬಿ ದಿಂಬಿನಂತಾಗಿತ್ತು. ಬಾವು ಇಳಿಯದೆ ಮೊಣಕಾಲು ಬಗ್ಗದು, ಬಗ್ಗದಿದ್ದರೆ ಮತ್ತೆ ಬಂದು ಆಸ್ಪತ್ರೆಯಲ್ಲಿ ಮಲಗಬೇಕು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು.

ಅದಕ್ಕೇ ಈ ನೀಲಿ ಅಂಟುಪಟ್ಟಿ. ಟಿ.ವಿ.ಯಲ್ಲಿ ಆಟಗಾರರ ಭುಜದ ಮೇಲೆ ಕಂಡದ್ದು ಈಗ ಮರಾಠಿ ಸೀಮೆಯ ಖಡಕಿಯ ಈ ಮುದುಕಿಯ ಕಾಲಿಗೂ ಬಂದಿತ್ತು. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಪ್ರಫುಲ್ಲಾ ಪಟ್ಟಿಯ ಒಂದು ತುದಿಯನ್ನು ಇಡಿಯಾಗಿ ಬಿಟ್ಟು, ಉಳಿದದ್ದನ್ನು ನಾಲ್ಕು ಸೀಳು ಮಾಡಿ, ಹೊಲಿಗೆಯ ಗೆರೆಯಿಂದ ದೂರಕ್ಕೆ ಬೀಸಣಿಗೆಯ ಹಾಗೆ ಹರಡಿ ಅಂಟಿಸುತ್ತಿದ್ದಳು. ಚರ್ಮ ತುಸು ಮೇಲೆದ್ದು ಅಡಿಯಲ್ಲಿ ನಿಂತ ನೀರು ಹರಿದುಹೋಗುತ್ತದಂತೆ. ನಾಲ್ಕು ದಿನಕ್ಕೊಮ್ಮೆ ಹೊಸ ಪಟ್ಟಿ. ಈಗ ಅವಳು ತಂಗಿಯ ಮದುವೆಗೆಂದು ಒಂದು ವಾರ ತನ್ನೂರು ಭೋರ್‌ಗೆ ಹೊರಟಿದ್ದಳು. ನಡುವೆ ಒಮ್ಮೆ ಪಟ್ಟಿ ಬದಲಿಸಲು ಮನೆಯವರೊಬ್ಬರು ಕಲಿಯಲೇಬೇಕಿತ್ತು.

ಸೊಸೆಗೆ ಕಲಿಸಿರಿ ಎಂದಳು ಯಂಕವ್ವ. ಸೊಸೆ ಆಫೀಸಿನಿಂದ ಬರುವುದೇ ಏಳೂವರೆಗೆ, ಕಲಿಯುವುದು ಯಾವಾಗ? ಅಷ್ಟರಲ್ಲಿ ಗಂಡ ರಾಮಲಿಂಗಪ್ಪ ಕನ್ನಡಕ ಏರಿಸಿ, ಸ್ಟೂಲು ಎಳೆದು ಕೂತೇಬಿಟ್ಟಿದ್ದ. ಮೂವತ್ತನಾಲ್ಕು ವರ್ಷ ಮದ್ದುಗುಂಡಿನ ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿದು ರಿಟೈರಾದವನು. ಅವನಿಗೆ ಇದೇನು ಮಹಾ!

"ನನ್ನ ಕಾಲು ನೀವು ಮುಟ್ಟಬ್ಯಾಡ್ರಿ. ನನಗ ಪಾಪ ಬರ್ತದ," ಎಂದಳು ಯಂಕವ್ವ.

"ಬರ್ಲಿ. ಅರ್ಧಾ ನನಗ ಕೊಡು," ಎಂದ ರಾಮಲಿಂಗಪ್ಪ, ಪಟ್ಟಿಯಿಂದ ಕಣ್ಣು ತೆಗೆಯದೆ.

ಕನ್ನಡ ಬಾರದ ಪ್ರಫುಲ್ಲಾ ಇಬ್ಬರ ಮುಖ ನೋಡಿಯೇ ನಕ್ಕಳು. ಕಾಕಾ, ಪಟ್ಟಿಯನ್ನು ಎಳೆಯಬೇಡಿ, ಸುಮ್ಮನೆ ಚರ್ಮದ ಮೇಲೆ ಇಡಿ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ರಾಮಲಿಂಗಪ್ಪ "ಹೋ, ಹೋ" ಎಂದು ತಲೆಯಾಡಿಸಿದ. ಎಷ್ಟು ತಲೆಗೆ ಹೋಯಿತೋ ಆ ದೇವರಿಗೇ ಗೊತ್ತು.

ಪಟ್ಟಿ ಬದಲಿಸುವ ದಿನ ಅವನು ಉಗುರು ತೆಗೆದುಕೊಂಡ, ಕೈ ತೊಳೆದುಕೊಂಡ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹೆಂಡತಿಯ ಹಣೆ ಮುಟ್ಟಿ ಜ್ವರ ಸಹ ನೋಡಿದವನಲ್ಲ. ಬಾಗಿಲಲ್ಲಿ ನಿಂತು "ಗುಳಿಗಿ ತಗೊಂಡಿಯೇನು?" ಎಂದು ಕೇಳಿದರೆ ಅವನ ಪ್ರೀತಿ ಅಲ್ಲಿಗೆ ಮುಗಿಯಿತು. ಈಗ ಅವಳ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ಎಣ್ಣೆ ಹಚ್ಚುವವರಂತೆ ಉಸಿರು ಬಿಗಿಹಿಡಿದು ಕೂತಿದ್ದ. ಯಂಕವ್ವನ ಕಣ್ಣಲ್ಲಿ ನೀರು ಬಂತು. ನೋವಾಯಿತೇ ಎಂದು ಕೇಳಿದ. ಇಲ್ಲ ಎಂದು ಅವನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಾಪಕ್ಕೆ ಅಷ್ಟಾದರೂ ಪರಿಹಾರವಿರಲಿ ಎಂದು.

ಆದರೆ ಕೈಯ ಚಾಳಿ ಎಲ್ಲಿ ಹೋಗಬೇಕು? ಪಟ್ಟಿ ಸಡಿಲಾದರೆ ಸಾಹೇಬರು ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಿದ್ದ ಸೆಕ್ಷನ್ ಅದು. ರಾಮಲಿಂಗಪ್ಪ ಒಂದೊಂದು ಸೀಳನ್ನೂ ಬರುವಷ್ಟು ಎಳೆದು, ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಬೆರಳಿನಿಂದ ಎರಡು ಸಲ ತಟ್ಟಿಯೂ ನೋಡಿದ. ಅವತ್ತು ಸಂಜೆಯೇ ಉರಿ ಶುರುವಾಯಿತು. ಯಂಕವ್ವ ತುಟಿ ಪಿಟಕ್ಕೆನ್ನಲಿಲ್ಲ. ದಿನಾ ಸಂಜೆ ಅವನು ಸ್ಟೂಲು ತಂದು ಕೂತು, ತುದಿ ಏಳದಿರಲೆಂದು ಪಟ್ಟಿಯ ಮೇಲೆ ಅಂಗೈ ಆಡಿಸುತ್ತಿದ್ದ. ಕಾರ್ಖಾನೆಯ ಹಳೆಯ ಸುದ್ದಿ ಹೇಳುತ್ತಿದ್ದ. ಉರಿಯ ಮಾತು ಎತ್ತಿದರೆ ಇವನು ಮತ್ತೆ ಬಾಗಿಲಿಗೇ ಹೋಗಿ ನಿಲ್ಲುತ್ತಾನೆಂದು ಅವಳಿಗೆ ಗೊತ್ತಿತ್ತು. ಸಂಜೆ ಯಾವಾಗ ಆದೀತೋ ಎಂದು ಅವಳು ಕಾಯುತ್ತಿದ್ದಳು.

ಊರಿಂದ ಬಂದ ಪ್ರಫುಲ್ಲಾ ಎಣ್ಣೆ ಸವರಿ ಪಟ್ಟಿ ಎತ್ತಿದಳು. ಮೊಣಕಾಲಿನ ಹೊರಬದಿಯಲ್ಲಿ, ಒಂದೊಂದು ಸೀಳಿನ ತುದಿಗೂ ಒಂದೊಂದು ಬೊಕ್ಕೆ. ಒಂದು ಒಡೆದೂ ಹೋಗಿತ್ತು. ಉರಿದ ಕೂಡಲೇ ಕಿತ್ತು ಹಾಕಬಾರದಿತ್ತೇ ಎಂದು ಗದರಿದಳು. ಬಾವೇನೋ ತುಸು ಇಳಿದಿತ್ತು. ಗಾಯ ಮಾಯುವ ತನಕ ಹೊರಬದಿಗೆ ಬೇಡ, ಇವತ್ತು ಒಳಬದಿಗಷ್ಟೇ ಹಾಕೋಣ ಎಂದಳು.

ರಾಮಲಿಂಗಪ್ಪ ಅಷ್ಟರಲ್ಲಿ ಸ್ಟೂಲು ಬಿಟ್ಟೆದ್ದು ಬಾಗಿಲ ಹತ್ತಿರ ಹೋಗಿದ್ದ. ಅವನ ಮುಖ ಸಣ್ಣದಾಗಿತ್ತು.

"ಉರೀತದಂತ ಹೇಳಲಿಲ್ಲ ಯಾಕ?" ಎಂದು ಕೇಳಿದ.

"ಹೇಳಿದ್ರ ನೀವು ಬಂದು ಕೂಡ್ತಿದ್ದಿಲ್ಲ," ಎಂದಳು ಯಂಕವ್ವ.

ಅವನು, ಇನ್ನು ನೀವೇ ಹಚ್ಚಿರಿ, ಈ ಕೈ ಪೆಟ್ಟಿಗೆಗೇ ಸರಿ ಎಂದು ಪ್ರಫುಲ್ಲಾಳಿಗೆ ಮರಾಠಿಯಲ್ಲಿ ಹೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಪ್ರಫುಲ್ಲಾ ಹೊಸ ಪಟ್ಟಿ ಕತ್ತರಿಸಿದಳು. ಯಂಕವ್ವ ಅದನ್ನು ಅವಳ ಕೈಯಿಂದ ಇಸಿದುಕೊಂಡಳು. ಮೆಲ್ಲಗೆ ಹಿಮ್ಮಡಿ ಎತ್ತಿ ಖಾಲಿ ಸ್ಟೂಲಿನ ಮೇಲಿಟ್ಟಳು. ತನ್ನ ಕೈಯಿಂದಲೇ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಬಾಗಿಲ ಕಡೆಗೆ ಪಟ್ಟಿ ಚಾಚಿದಳು.

"ಬರ್ರಿ ಇಲ್ಲೆ. ಇದರಾಗ ಮದ್ದುಗುಂಡಿಲ್ರಿ, ನಾ ಅದೀನಿ. ಎಳೀಬ್ಯಾಡ್ರಿ. ಬರೇ ಇಡ್ರಿ."