ಬರಿಮೈ ತೀರ

ಮಂಗಳೂರಿನಲ್ಲಿ ಈಗ ಮನೆಯೊಳಗೂ ಹೊರಗೂ ಸುಡುವ ಸೆಕೆಗೆ ಎಲ್ಲರ ಮೈಗೆ ತಂಪುಕವಚ ಅಂಟಿಕೊಂಡೇ ಇರುತ್ತಿತ್ತು. ಅದನ್ನು ಕಳಚಿ ಬರಿಮೈಯಲ್ಲಿ ಕಡಲಿಗಿಳಿಯಲು ಕಾನೂನು ಬಿಟ್ಟುಕೊಟ್ಟಿದ್ದ ಒಂದೇ ತೀರವನ್ನು ರೋಹಿದಾಸ ಬಂಗೇರರು ಮೂವತ್ತು ವರ್ಷ ಕಾದಿದ್ದರು. ಅಲೆ ಎಸೆದ ಪ್ಲಾಸ್ಟಿಕ್ ಹೆಕ್ಕಿದ್ದರು, ಮರಳು ಲಾರಿಗಳಿಗೆ ಅಡ್ಡ ಮಲಗಿದ್ದರು.

ಇಂದು ಸಂಜೆಯೊಳಗೆ ಹೊರಗಿನವರು ಒಬ್ಬರಾದರೂ ಬರಿಮೈಯಲ್ಲಿ ನೀರಿಗಿಳಿಯದಿದ್ದರೆ, ಯಾರೂ ಬಳಸದ ಜಾಗವೆಂದು ತೀರ ಬಂದರಿನ ಪಾಲು. ಅದನ್ನು ನೋಡಲು ಅಧಿಕಾರಿಯೊಬ್ಬರು ಬಂದು ಕೂತಿದ್ದರು.

ಹಿಂದೆ ಇದೇ ತೀರಕ್ಕಾಗಿ ರೋಹಿದಾಸರೊಡನೆ ಜೈಲಿಗೆ ಹೋಗಿದ್ದ ಫಿಲೋಮಿನಾ ಮಾತು ಕೊಟ್ಟಂತೆ ಬಂದರು. ಕವಚದ ಒಂದು ತೋಳು ಬಿಚ್ಚಿದ್ದೇ ತಡ, ಗಾಳಿ ತಾಗಿ ಚೀರಿದರು. ಚರ್ಮ ಸುಟ್ಟಂತೆ ಕೆಂಪೇರಿತು.

“ಆಗುದಿಲ್ಲ ಮಾರಾಯ. ಬಿಚ್ಚದೆ ಹತ್ತು ವರ್ಷ ಆಯ್ತು.”

“ಮೊದಲೇ ಬರಬಹುದಿತ್ತಲ್ಲ?”

“ನೀನು ಇದ್ದೀಯಲ್ಲ, ಜಾಗ ಎಲ್ಲಿಗೆ ಹೋಗ್ತದೆ ಅಂತ ಇದ್ದೆ.”

ರೋಹಿದಾಸರು ತಮ್ಮ ಕವಚ ಕಳಚಿಟ್ಟು ನೀರಿಗಿಳಿದರು.

“ನೀವು ಇಳಿದ್ರೆ ಆಗುದಿಲ್ಲ ಬಂಗೇರರೇ,” ಅಧಿಕಾರಿ ಮುಖ ತಿರುಗಿಸಿಕೊಂಡೇ ಕೂಗಿದರು. “ಕಾವಲಿನವರು ಲೆಕ್ಕಕ್ಕೆ ಬರುದಿಲ್ಲ.”

“ಗೊತ್ತುಂಟು. ನಾಳೆ ಮೀಯಲಿಕ್ಕೆ ಜಾಗ ಇರುದಿಲ್ಲ ಅಲ್ವಾ?” ಎಂದು ರೋಹಿದಾಸರು ದಡಕ್ಕೆ ಬೆನ್ನು ಹಾಕಿ, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹುಯ್ದುಕೊಂಡರು.